ಕರಿ ಲೇಪ, ಅಣ್ಣನ ಉಸಿರು

ಗೋಕಾಕದಿಂದ ಹುಕ್ಕೇರಿಗೆ ಹೋಗುವ ರಸ್ತೆಯ ಬದಿಗೆ ಅಣ್ಣನದೂ ನನ್ನದೂ ಸೇರಿ ಒಂದು ಗ್ಯಾರೇಜು. ಪಿಕಪ್ ಗಾಡಿಗಳಲ್ಲಿ ಸರಕು ಹೇರುವ ಹಿಂಬದಿಯ ತಗಡಿಗೆ ತುಕ್ಕು ಹಿಡಿಯದಂತೆ ಸ್ಪ್ರೇ ಗನ್ನಿನಿಂದ ದಪ್ಪನೆಯ ಕರಿ ಲೇಪ ಹೊಡೆಯುವುದು ನಮ್ಮ ಕೆಲಸ. ಮೂಡಲಗಿಯ ಬೆಲ್ಲದ ವ್ಯಾಪಾರಿಗಳು, ಹಿಡಕಲ್‌ನ ಮೀನಿನವರು ಸರದಿ ಹಚ್ಚುತ್ತಿದ್ದರು. ತಗಡನ್ನು ಉಳಿಸುವ ವಸ್ತು ಮನುಷ್ಯನ ಎದೆಯನ್ನು ಏನು ಮಾಡುತ್ತದೆಂದು ನಾವು ಕೇಳಲಿಲ್ಲ.

ಲೇಪದ ಡಬ್ಬಿಯ ಮೇಲೆ ಒಂದು ಚಿತ್ರವಿತ್ತು: ಮೈತುಂಬ ಬಿಳಿ ಅಂಗಿ, ಮುಖವನ್ನೆಲ್ಲ ಮುಚ್ಚಿದ ಮಾಸ್ಕು, ಅದಕ್ಕೆ ಹೊರಗಿನ ಗಾಳಿ ತರುವ ಪೈಪು. ಕೆಳಗೆ ಇರುವೆಯಂಥ ಇಂಗ್ಲಿಷ್ ಅಕ್ಷರ. "ಚಂದ್ರಲೋಕಕ್ಕ ಹೊಂಟಾನೇನ ಇಂವಾ?" ಎಂದು ಅಣ್ಣ ನಕ್ಕ. ನಾನೂ ನಕ್ಕೆ. ಆ ನಗುವಿಗಾಗಿ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ನಮ್ಮ ಕಡೆ ಧೂಳಿನ ಕೆಲಸ ಮಾಡುವವರು ಬೆಲ್ಲ ತಿನ್ನುತ್ತಾರೆ. ಗಂಟಲಿಗೆ ಕೂತದ್ದನ್ನು ಬೆಲ್ಲ ಕೆಳಗೆ ಎಳೆದೊಯ್ಯುತ್ತದೆಂಬ ನಂಬಿಕೆ. ನೂಲಿನ ಗಿರಣಿಗೆ ಹೋಗುತ್ತಿದ್ದ ಅಪ್ಪನೂ ಹಾಗೇ ಮಾಡಿದ, ಬಹಳ ವರ್ಷ ಬದುಕಿದ. ಹೀಗಾಗಿ ಅಣ್ಣ ಮೂಗಿಗೆ ಹಸಿ ಟವೆಲ್ ಸುತ್ತಿಕೊಂಡು ಗನ್ ಹಿಡಿಯುತ್ತಿದ್ದ. ಮುಗಿದ ಮೇಲೆ ಒಂದು ಉಂಡಿ ಬೆಲ್ಲ ತಿಂದು ನೀರು ಕುಡಿಯುತ್ತಿದ್ದ. ಟವೆಲ್ಲಿಗೆ ಹತ್ತಿದ ಕರಿ ಹನಿ ನೋಡಿ, ಎಲ್ಲವನ್ನೂ ಅದೇ ತಡೆಯಿತು ಎಂದುಕೊಳ್ಳುತ್ತಿದ್ದೆವು. ಕಣ್ಣಿಗೆ ಕಾಣದ್ದು ಒಳಗೆ ಹೋಗುತ್ತಿತ್ತು.

ಮೊದಲು ಕೆಮ್ಮು ಬಂತು. ಅಣ್ಣ ಬೆಲ್ಲ ಹೆಚ್ಚಿಸಿದ. ಭಾನುವಾರ ಗ್ಯಾರೇಜು ಮುಚ್ಚಿದರೆ ಕೆಮ್ಮಿಲ್ಲ, ಸೋಮವಾರ ಸಂಜೆಗೆ ಮತ್ತೆ ಹಾಜರು. ಅದನ್ನು ಗುರುತಿಸಿದ್ದು ಅತ್ತಿಗೆ.

"ಮನ್ಯಾಗ ಇದ್ರ ಛಲೋ ಇರ್ತಾರ. ನಿಮ್ಮ ಗ್ಯಾರೇಜಿನ್ಯಾಗ ಏನೋ ಐತಿ, ನೋಡ್ರಿ."

"ಧೂಳ ಐತ್ರಿ ವೈನಿ. ಕಬ್ಬಿನ ಹಂಗಾಮು ಮುಗೀಲಿ, ಆರಾಮ ಆಗ್ತಾನ," ಎಂದು ದೊಡ್ಡ ಡಾಕ್ಟರನಂತೆ ಹೇಳಿದೆ.

ಧೂಳೆಂದು ಹೇಳಿದವನು ಧೂಳು ತಡೆಯಲೂ ಹೊರಟೆ. ಕಬ್ಬಿನ ಟ್ರ್ಯಾಕ್ಟರುಗಳು ಎಬ್ಬಿಸುವ ಮಣ್ಣು ಹಸಿ ಲೇಪಕ್ಕೆ ಅಂಟಿ ಗಿರಾಕಿಗಳು ಗೊಣಗುತ್ತಿದ್ದರು. ಮೇಲವಂಕಿಯವರೊಬ್ಬರ ಹೊಸ ಗಾಡಿ ಬಂದ ಮಧ್ಯಾಹ್ನ, ಅಣ್ಣ ಒಳಗೆ ಲೇಪ ಹೊಡೆಯುತ್ತಿದ್ದಾಗಲೇ ಶಟರನ್ನು ನೆಲದವರೆಗೆ ಎಳೆದುಬಿಟ್ಟೆ. ಹೊರಗೆ ಗಿರಾಕಿಯ ಜೊತೆ ಚಹಾಕ್ಕೆ ಕೂತೆ. ಒಳಗೆ ಗನ್ನಿನ ಸಪ್ಪಳ ಕೇಳುತ್ತಿತ್ತು. ಅದು ನಿಂತಿತು. ಮತ್ತೆ ಶುರುವಾಗಲಿಲ್ಲ. ಗನ್ನಿನ ಮೂತಿ ಕಟ್ಟಿರಬೇಕು, ಒರೆಸುತ್ತಿದ್ದಾನೆ ಎಂದುಕೊಂಡು ಚಹಾ ಮುಗಿಸಿದೆ. ಆಮೇಲೆ ಅಣ್ಣ ಒಳಗಿನಿಂದ ಶಟರ್ ಬಡಿದ, ಬಲವಿಲ್ಲದ ಕೈಯಿಂದ.

ಎತ್ತಿದಾಗ ಅಣ್ಣ ಅದರ ಬುಡದಲ್ಲೇ ಮಂಡಿಯೂರಿದ್ದ. ತುಟಿ ನೀಲಿಗಟ್ಟಿತ್ತು. ಎದೆಯೊಳಗಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಗಿರಾಕಿಯೂ ನಾನೂ ಅವನನ್ನು ಎತ್ತಿಕೊಂಡು ಗೋಕಾಕದ ದವಾಖಾನೆಗೆ ಓಡಿದೆವು.

ಡಾಕ್ಟರರು ಡಬ್ಬಿ ತರಿಸಿ ಓದಿದರು. "ಇದು ಧೂಳಲ್ರಿ. ಇವರ ಮೈ ಇದನ್ನ ವೈರಿ ಅಂತ ಗುರ್ತ ಹಿಡದೈತಿ. ಇನ್ನ ಇದು ಸ್ವಲ್ಪ ಸೋಕಿದ್ರೂ ಉಸಿರು ಕಟ್ಟತೈತಿ. ಈ ಕೆಲಸ ಇವರಿಗೆ ಮುಗೀತು."

"ಬೆಲ್ಲ ತಿಂತಿದ್ದನಲ್ರಿ," ಎಂದೆ, ಮೂರ್ಖನ ಹಾಗೆ.

"ಬೆಲ್ಲ ಹೊಟ್ಟಿಗೆ ಹೋಗತೈತಿ. ಇದು ಎದಿಯೊಳಗ ಹೋಗೈತಿ."

ಅಣ್ಣ ಬದುಕಿದ. ಎರಡು ಸಂಸಾರಕ್ಕೂ ಆ ಗ್ಯಾರೇಜೇ ಅನ್ನ, ನನಗೆ ಬೇರೆ ಕೆಲಸ ಬರುವುದಿಲ್ಲ. ಈಗ ಚಿತ್ರದಲ್ಲಿದ್ದವನಂತೆಯೇ ಮೈಮುಖ ಮುಚ್ಚಿಕೊಂಡು, ಫ್ಯಾನು ಹಚ್ಚಿ, ಯಾರನ್ನೂ ಹತ್ತಿರ ಬಿಡದೆ ನಾನೇ ಲೇಪ ಹೊಡೆಯುತ್ತೇನೆ. ಗ್ಯಾರೇಜಿನಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ ಮನೆಗೆ ಹೋಗುತ್ತೇನೆ.

ಒಂದು ದಿನ ಮಾತ್ರ ತಪ್ಪಿದೆ. ಅಣ್ಣನ ಮಗಳನ್ನು ನೋಡಲು ಕೌಜಲಗಿಯಿಂದ ಗಂಡಿನ ಕಡೆಯವರು ಬಂದಿದ್ದರು. ಅವಸರದಲ್ಲಿ ಬಟ್ಟೆ ಬದಲಿಸದೆ ಕೈಕಾಲಷ್ಟೇ ತೊಳೆದು ಬಂದೆ. ಅಂಗಳ ದಾಟುವಷ್ಟರಲ್ಲಿ ಅಣ್ಣ ಎದ್ದ. ಒಂದು ಕೈ ಕಿಸೆಯಲ್ಲಿದ್ದ ಉಸಿರಿನ ಪಂಪಿಗೆ ಹೋಯಿತು, ಇನ್ನೊಂದನ್ನು ನನ್ನತ್ತ ಚಾಚಿದ.

"ಅಲ್ಲೇ ನಿಂದ್ರು ತಮ್ಮಾ. ಹತ್ರ ಬರಬ್ಯಾಡ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಗೋಡೆಗೆ ಬೆನ್ನು ಹತ್ತುವವರೆಗೆ ಹಿಂದೆ ಹಿಂದೆ ಸರಿದ. ನನ್ನ ಅಣ್ಣ ನನಗೆ ಹೆದರಿದ್ದ.