ಈಶಾನ್ಯಕ್ಕೆ ಇಳಿದ ಸ್ನೂಕರ್ ಮೇಜು

ನಮ್ಮ ಹುಣಸೂರಿನ ಸ್ನೂಕರ್ ಚಾಂಪಿಯನ್ನರ ಹತ್ತಿರ ನಾನು ಮೊದಲ ಸಲ ಹೋದದ್ದು ಸೂಜಿ ದಾರ ಹಿಡಿದುಕೊಂಡು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹಳೇ ಹೊಗೆಸೊಪ್ಪಿನ ಗೋಡೌನಿನ ಎದುರಿಗೆ ನನ್ನ ಟೈಲರ್ ಅಂಗಡಿ. ಆ ಗೋಡೌನು ಬಾಡಿಗೆಗೆ ಹಿಡಿದಿದ್ದ ಅವರು ಒಂದು ದಿನ ಬಂದು, "ಟೈಲರಪ್ಪ, ಬಟ್ಟೆ ಹರ್ದೋಗದೆ, ಒಸಿ ಒಲ್ಕೊಡು ಬಾ" ಅಂದರು.

"ಇಲ್ಲಿಗೇ ತನ್ನಿ ಅಣ್ಣ."

"ತರಕ್ಕಾಗಕಿಲ್ಲ ಕಣಪ್ಪ. ಎಂಟಾಳು ಬೇಕು."

ಹೋಗಿ ನೋಡಿದರೆ ಹಸಿರು ಬಟ್ಟೆ ಒಂದು ಮೇಜಿನ ಮೇಲೆ ಬಿಗಿದು ಕೂತಿತ್ತು. ಮೇಜೋ, ನಮ್ಮನೆ ಅಡುಗೆಕೋಣೆಗಿಂತ ದೊಡ್ಡದು. ಬಟ್ಟೆಯಡಿ ಕಲ್ಲಿನ ಹಾಸು. ಬಗ್ಗಿ ಬಗ್ಗಿ ಹೊಲಿಗೆ ಹಾಕಿದೆ. ಹೊಲಿಗೆ ಮುಗಿಯುವ ಹೊತ್ತಿಗೆ ಆ ಆಟದ ಹುಚ್ಚು ನನಗೆ ಹತ್ತಿಬಿಟ್ಟಿತ್ತು.

ಅಣ್ಣ ಕೊಡಗಿನ ಕಡೆ ತೋಟದ ಸಾಹುಕಾರರ ಕ್ಲಬ್ಬೊಂದರಲ್ಲಿ ಮಾರ್ಕರ್ ಆಗಿದ್ದವರು. ಆಡುವವರಿಗೆ ಚೆಂಡು ಜೋಡಿಸುವುದು, ಪಾಯಿಂಟು ಬರೆಯುವುದು ಮಾರ್ಕರನ ಕೆಲಸ. ಬರೆದೂ ಬರೆದೂ ಬೇಸತ್ತು ತಾವೇ ಕೋಲು ಹಿಡಿದು ಕಲಿತು, ಮಾರ್ಕರುಗಳಿಗೆಂದೇ ನಡೆದ ಪಂದ್ಯದಲ್ಲಿ ಗೆದ್ದು ಬಂದಿದ್ದರು. ಕ್ಲಬ್ಬಿನವರು ಹೊಸ ಮೇಜು ತರಿಸಿದಾಗ ಹಳೆಯದನ್ನು ಇವರ ತಲೆಗೇ ಕಟ್ಟಿ ಕಳಿಸಿದ್ದರು.

ಗೋಡೌನಿನ ಗೋಡೆಗೆ ಇಂಗ್ಲಿಷ್ ಪತ್ರಿಕೆಯ ಒಂದು ಹಾಳೆ ಅಂಟಿಸಿದ್ದರು. ಅದರಲ್ಲಿ ಬೋ ಟೈ ಕಟ್ಟಿದ ಬಿಳಿಯನೊಬ್ಬನ ಫೋಟೋ.

"ವೇಲ್ಸಿನೋನು. ದೊಡ್ ಚಾಂಪಿಯನ್ನು. ಆಡೋದ್ ಬುಟ್ಟು ಈಗ ಕೋಚ್ ಆಗವ್ನೆ. ನಂಗೂ ಅದೇ ಆಸೆ ಕಣ್ಲಾ. ಇಷ್ಟು ವರ್ಸ ಬ್ಯಾರೇರ ಪಾಯಿಂಟು ಬರ್ದಿದ್ದಾತು. ಒಂದ್ ಕ್ಲಬ್ಬಲ್ಲಿ ಕೋಚ್ ಅನ್ನಿಸ್ಕಂಡು ನಿಂತ್ಕಬೇಕು."

"ವೇಲ್ಸು ಎಲ್ಲಿ ಬತ್ತದೆ ಅಣ್ಣ?"

"ಇಂಗ್ಲೆಂಡ್ ಮಗ್ಗುಲಲ್ಲಿ. ನಮ್ ಉಣಸೂರ್ಗೆ ಪಿರಿಯಾಪಟ್ಣ ಇದ್ದಂಗೆ."

ಆಡುತ್ತಿದ್ದ ಪಿರಿಯಾಪಟ್ಟಣದ ಗಿರಾಕಿಯೊಬ್ಬ ತಟಕ್ಕನೆ ಕೋಲು ಕೆಳಗಿಟ್ಟ. "ಯಾಕ್ರೀ, ಇಂಗ್ಲೆಂಡು ಪಿರಿಯಾಪಟ್ಣ ಇದ್ದಂಗೆ ಅನ್ನಕ್ಕೆ ಬಾಯಿ ಬರಕಿಲ್ವಾ?" ಎಂದವನು ಎರಡು ದಿನ ಆ ಕಡೆ ಸುಳಿಯಲಿಲ್ಲ.

ಮೇಜನ್ನು ಕೂರಿಸಿಕೊಟ್ಟವನು ಅಣ್ಣನ ಭಾಮೈದ, ಗಾರೆ ಕೆಲಸದವನು. ರಸಮಟ್ಟ ಇಟ್ಟು ಸಮ ನೋಡಿ, ಆಮೇಲೆ ಬೇಕೆಂದೇ ಒಂದು ಮೂಲೆಯನ್ನು ಒಂದೆರಡು ನೂಲಿನಷ್ಟು ಇಳಿಸಿದ್ದ. ಮೆಲ್ಲಗೆ ಬಿಟ್ಟ ಚೆಂಡೆಲ್ಲ ಆ ಮೂಲೆಗೇ ಹೋಗುವುದನ್ನು ಕಂಡು ಅಣ್ಣ ಕೂಗಾಡಿದರೆ, ಅವನು ಅಲ್ಲಾಡಲಿಲ್ಲವಂತೆ.

"ಈಶಾನ್ಯಕ್ಕೆ ಇಳುಕ್ಲು ಕೊಡ್ದೆ ನಾನು ಇದುವರ್ಗೂ ಒಂದ್ ದನದ ಕೊಟ್ಟಿಗೇನೂ ಕಟ್ಟಿಲ್ಲ ಭಾವ. ಅಕ್ಕನ ಮನೆ ಆಳ್ಮಾಡಾಕೆ ನನ್ ಕೈಲಿ ಆಗಕಿಲ್ಲ."

ಅಕ್ಕನೂ ತಮ್ಮನ ಕಡೆಗೇ ವಾಲಿದರು. ಅಲ್ಲಿಗೆ ಮೇಜು ಹಾಗೇ ನಿಂತಿತು. ಈ ಜಗಳವೆಲ್ಲ ನನ್ನ ಕಿವಿಗೆ ಬಿದ್ದದ್ದು ಬಹಳ ಆಮೇಲೆ.

ನಾನು ಕಲಿತದ್ದು ಅದರ ಮೇಲೆ. ಉತ್ತರದ ಕಡೆಗೆ ಹೊಡೆಯುವಾಗ ಪಾಕೆಟ್ಟಿನಿಂದ ಎರಡು ಬೆರಳು ಎಡಕ್ಕೆ ಗುರಿ ಇಟ್ಟರೆ ಚೆಂಡು ತಾನಾಗಿ ಬಲಕ್ಕೆ ವಾಲಿಕೊಂಡು ಹೋಗಿ ಬೀಳುತ್ತಿತ್ತು. ಅಣ್ಣ ಹಾಗೆಯೇ ಹೇಳಿಕೊಟ್ಟರು. ಎಂಟು ತಿಂಗಳಲ್ಲಿ ಕೈ ಪಳಗಿತು. ಕೆ.ಆರ್. ನಗರದಿಂದ, ಎಚ್.ಡಿ. ಕೋಟೆಯಿಂದ ಜಂಬದಲ್ಲಿ ಬಂದವರನ್ನೆಲ್ಲ ಚಚ್ಚಿ ಕಳಿಸಿದೆ.

ಆಗಲೇ ಮೈಸೂರಿನ ಕ್ಲಬ್ಬೊಂದರಿಂದ ಅಣ್ಣನಿಗೆ ಕಾಗದ ಬಂತು. ಅವರಿಗೊಬ್ಬ ಕೋಚ್ ಬೇಕಾಗಿದ್ದ. ನೀವು ತಯಾರು ಮಾಡಿದ ಒಬ್ಬ ಆಟಗಾರನನ್ನು ಕರೆತನ್ನಿ, ಅವನ ಆಟ ನೋಡಿ ತೀರ್ಮಾನಿಸುತ್ತೇವೆ ಎಂದಿತ್ತು. ಅಣ್ಣ ಇಸ್ತ್ರಿ ಪ್ಯಾಂಟು ತೊಟ್ಟರು. ನಾನೇ ಒಂದು ಬೋ ಟೈ ಹೊಲಿದುಕೊಟ್ಟೆ, ನಾಚಿಕೊಂಡು ಜೇಬಿನಲ್ಲಿಟ್ಟುಕೊಂಡರು.

ಬಸ್ಸು ಬಿಳಿಕೆರೆ ದಾಟುವಾಗ ನಾನು ಕೇಳಿದೆ: "ಅಣ್ಣ, ಆ ಕ್ಲಬ್ಬಲ್ಲಿ ಈಶಾನ್ಯ ಯಾವ್ ಕಡೀಕೆ ಬತ್ತದೆ?"

"ಯಾಕ್ಲಾ?"

"ಎರಡ್ ಬೆರಳು ಬುಡ್ಬೇಕಲ್ಲ."

ಅಣ್ಣನ ಮುಖ ಸುಣ್ಣದ ಗೋಡೆಯಾಯಿತು. "ಅಯ್ಯೋ ನಿನ್ನ! ಅಲ್ಲಿ ಮೇಜು ಸಮ ಇರ್ತದೆ ಕಣ್ಲಾ. ಲೋಕದಾಗೆಲ್ಲ ಸಮಾನೇ ಇರೋದು. ನಮ್ದೊಂದೇ ಅಂಗಿರೋದು!"

ದೇವರಾಣೆಗೂ ನನಗೆ ಗೊತ್ತಿರಲಿಲ್ಲ. ಬಚ್ಚಲಿಗೆ ಇಳುಕಲು ಇದ್ದಂತೆ ಸ್ನೂಕರಿಗೂ ಅದೊಂದು ಕಾಯಿದೆ ಎಂದುಕೊಂಡಿದ್ದೆ. ನನಗೆ ಗೊತ್ತೇ ಇರುತ್ತದೆಂದುಕೊಂಡು ಅಣ್ಣನೂ ಹೇಳಿರಲಿಲ್ಲ. ಉಳಿದ ದಾರಿಯುದ್ದಕ್ಕೂ "ನೇರ ಹೊಡಿ, ನೇರ ಹೊಡಿ" ಎಂದು ಜಪ ಮಾಡಿಸಿದರು. ಪಕ್ಕದಲ್ಲಿ ಕೂತಿದ್ದ ಅಜ್ಜಿ, "ಯಾರ್ಗಪ್ಪಾ ಒಡ್ಯಕ್ ಓಯ್ತಿದ್ದೀರಿ?" ಎಂದು ಸೀಟು ಬಿಟ್ಟೆದ್ದಳು.

ಕ್ಲಬ್ಬಿನ ಕಾರ್ಯದರ್ಶಿ ನಿವೃತ್ತರಾದ ಸಾಹೇಬರು, ಮಾತು ಕಮ್ಮಿ. ಆರು ಕೆಂಪು ಚೆಂಡು ಇಟ್ಟು, ಎದುರು ತುದಿಯ ಮೂಲೆಯ ಪಾಕೆಟ್ಟು ತೋರಿಸಿ, "ಹಾಕಪ್ಪ" ಎಂದರು. ನನ್ನ ತಲೆ ನೇರ ಅಂದಿತು, ಕೈ ಎಂಟು ತಿಂಗಳ ಮಾತು ಕೇಳಿತು. ಆರೂ ಚೆಂಡು ಪಾಕೆಟ್ಟಿನಿಂದ ಎರಡು ಬೆರಳು ಎಡಕ್ಕೆ ಬಡಿದು ವಾಪಸು ಬಂದವು.

"ಎಷ್ಟು ದಿವಸ ಹೇಳಿಕೊಟ್ರಿ ಇವರಿಗೆ?"

"ಎಂಟು ತಿಂಗ್ಳು ಸಾರ್" ಎಂದ ಅಣ್ಣನ ದನಿ ನೆಲಕ್ಕಿಳಿದಿತ್ತು.

ಸಾಹೇಬರು ಕನ್ನಡಕ ತೆಗೆದರು. ನನಗೆ ತಡೆಯಲಾಗಲಿಲ್ಲ. "ತಪ್ಪು ಅವರ್ದಲ್ಲ ಸಾರ್. ನಿಮ್ ಮೇಜೇ ಸರೀಗಿಲ್ಲ" ಎಂದುಬಿಟ್ಟೆ. ಅಣ್ಣ ನನ್ನ ಕಾಲು ತುಳಿದರು.

ತುಳಿದವರು ಸುಮ್ಮನಾಗಲಿಲ್ಲ. ಚೆಂಡು ಬಡಿದ ಜಾಗವನ್ನೇ ದಿಟ್ಟಿಸಿದರು. ಕೋಲಿನ ತುದಿಗೆ ಉಜ್ಜುವ ನೀಲಿ ಚಾಕನ್ನು ತೆಗೆದುಕೊಂಡು, ಪಾಕೆಟ್ಟಿನಿಂದ ಎರಡು ಬೆರಳು ಬಲಕ್ಕೆ, ಮೇಜಿನ ಅಂಚಿನ ಮೇಲೆ ಇಟ್ಟರು.

"ಪಾಕೆಟ್ಟು ಮರ್ತ್ಬುಡು ಕಣ್ಲಾ. ಈ ಚಾಕೇ ಪಾಕೆಟ್ಟು. ನಮ್ಮೂರಲ್ಲಿ ಎಂಗೆ ಒಡೀತಿದ್ಯೋ ಅಂಗೇ ಒಡಿ."

ಹೊಡೆದೆ. ಚೆಂಡು ಪಾಕೆಟ್ಟಿಗೆ ಬಿತ್ತು. ಇನ್ನೊಂದು. ಅದೂ ಬಿತ್ತು. ಆರಕ್ಕೆ ಆರೂ ಬಿದ್ದವು.

ಸಾಹೇಬರು ಚಾಕನ್ನು ಎತ್ತಿ ತಿರುಗಿಸಿ ನೋಡಿದರು, ಆಮೇಲೆ ಅಣ್ಣನನ್ನು. ನಡೆದದ್ದೇನೆಂದು ಕೇಳಿದರು. ಭಾಮೈದನ ಕಥೆ ಅರ್ಧ ಮುಗಿಯುವಷ್ಟರಲ್ಲಿ ಮೇಜಿಗೆ ಕೈಯೂರಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು.

"ಕೋಚ್ ಸಾಹೇಬ್ರೇ, ಸೋಮವಾರ ಬನ್ನಿ" ಎಂದರು ಕೊನೆಗೆ.

ಹೊರಗೆ ಬಂದ ಅಣ್ಣ ಬೋ ಟೈ ಕಟ್ಟಿಕೊಂಡೇ ಬಸ್‌ಸ್ಟ್ಯಾಂಡಿನವರೆಗೆ ನಡೆದರು. ಜನ ತಿರುತಿರುಗಿ ನೋಡಿದರು.

"ಸೋಮವಾರ ನಾನೂ ಬರ್ಲಾ ಅಣ್ಣ?" ಅಂದೆ.

"ನಿನ್ ದಮ್ಮಯ್ಯ ಕಣ್ಲಾ, ಬರ್ಬ್ಯಾಡ. ಬಂದಿರೋ ಕೆಲ್ಸ ಒಂಟೋಯ್ತದೆ."