ಅಳತೆಗೆ ಮಾತ್ರ ನಾನು

ಬೆಳಗ್ಗೆಯಿಂದ ನಮ್ಮ ಬಾಲ್ಕನಿ ತುಂಬ ಪಾಲಿಶ್ ವಾಸನೆ. ಮೂಗಿಗೆ ಬಡಿದ ಕೂಡಲೇ ಜರಗನಹಳ್ಳಿಯ ನಮ್ಮ ಹಳೇ ಶೆಡ್ ಕಣ್ಣಮುಂದೆ ಬಂತು.

ಕೇರಳದಿಂದ ಬಂದ ಅಪ್ಪ ಅಲ್ಲಿ ಕುರ್ಚಿ, ಮೇಜು ಮಾಡ್ತಿದ್ರು. ಅಮ್ಮ ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡೋಳು. ಯಾರ ಮನೆ ಮಗುವಿಗೆ ಕುರ್ಚಿ ಬೇಕಾದ್ರೂ ಅಳತೆಗೆ ನಾನೇ. "ಮೋಳೇ, ನೆಟ್ಟಗೆ ಕೂತ್ಕೋ" ಅಂತ, ಮಗಳೇ ಅನ್ನೋದನ್ನ ಮಾತ್ರ ಮಲಯಾಳಂನಲ್ಲೇ ಹೇಳಿ, ಹಲಗೆ ಮೇಲೆ ಕೂರಿಸಿ, ಕಿವಿ ಮೇಲಿನ ಪೆನ್ಸಿಲ್ ತೆಗೆದು ಅಪ್ಪ ಗುರುತು ಹಾಕೋರು.

ಒಂದು ಸಲ ಜಯನಗರದ ಹುಡುಗಿಯೊಬ್ಬಳಿಗೆ ತೇಗದ ಕುರ್ಚಿ ಮಾಡಿದ್ರು. ಅವಳು ಬಂದು ಕೂತು, "ಅಂಕಲ್, ಸಖತ್ತಾಗಿದೆ" ಅಂದಾಗ ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

"ಅದು ನನ್ನ ಅಳತೆ!" ಅಂತ ಕಿರುಚಿದೆ.

"ಈ ಆರ್ಡರ್ ಮುಗೀಲಿ, ನಿನಗೂ ಮಾಡ್ಕೊಡ್ತೀನಿ" ಅಂದ್ರು ಅಪ್ಪ.

ಆರ್ಡರ್ ಮುಗೀಲೇ ಇಲ್ಲ. ನಾನು ಚಾಪೆ ಮೇಲೆ ಕೂತೇ ಓದಿ ಮುಗಿಸಿದೆ.

ಈಗ ಬಾಲ್ಕನಿಯಲ್ಲಿ ಅಪ್ಪ ನನ್ನ ಮಗಳ ಕುರ್ಚಿಗೆ ಪಾಲಿಶ್ ಹಚ್ತಿದ್ದಾರೆ. ಅಳತೆನೂ ಅವಳದೇ, ಕುರ್ಚಿನೂ ಅವಳದೇ. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು ಪಡಬಾರದು, ಗೊತ್ತು. ಆದ್ರೂ ಪಾಲಿಶ್ ಒಣಗಲಿ, ಅವಳು ಸ್ಕೂಲಿಂದ ಬರೋದ್ರೊಳಗೆ ನಾನೇ ಮೊದಲು ಕೂತ್ಬಿಡ್ತೀನಿ.