ರಾಣಿಯ ಕೆನ್ನೆಯ ಮೇಲಿನ ಮೂರು ಚುಕ್ಕಿ

ಮನುಷ್ಯ ಮಣ್ಣಾಗಿ ಹೋದ ಮೇಲೂ ಅವನು ಲೋಹದ ಮೇಲೆ ಒತ್ತಿದ ಗುರುತು ಉಳಿಯುತ್ತದೆ. ಗತಕಾಲ ನಮ್ಮೊಡನೆ ಮಾತಾಡುವುದು ಅಂಥ ಗುರುತುಗಳ ಮೂಲಕವೇ. ಅದರ ಮಾತು ಕೇಳಿಸಿಕೊಳ್ಳಲು ನಮ್ಮ ದೊಡ್ಡಪ್ಪನ ಮಗ ಕೂತಿರುತ್ತಾನೆ ಎಂಬುದೊಂದೇ ತೊಂದರೆ.

ಈ ಅಣ್ಣ ಗದಗಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ನಿವೃತ್ತಿಯ ಮರುದಿನವೇ ಸಂಶೋಧಕನಾದ. ಅದಕ್ಕೆ ಬೇಕಾದದ್ದೆಲ್ಲ ಅವನಲ್ಲಿತ್ತು: ಒಂದು ಭೂತಗನ್ನಡಿ, ಹೆಗಲಿಗೊಂದು ಚೀಲ, ಇನ್ನೊಬ್ಬರ ಮಾತು ಹೋಗದ ಕಿವಿ. ಸಂಶೋಧನೆಯ ವಸ್ತು, ಅಜ್ಜಿಯ ಕಾಲದ ತಾಮ್ರದ ತಂಬಿಗೆಯಲ್ಲಿದ್ದ ರಾಣಿಛಾಪದ ಬೆಳ್ಳಿ ರೂಪಾಯಿಗಳು. ಪ್ರತಿಯೊಂದರಲ್ಲೂ ರಾಣಿಯ ಕೆನ್ನೆಗೆ ಯಾರೋ ಮೂರು ಚುಕ್ಕಿ ಗುದ್ದಿದ್ದರು. ಚುಕ್ಕಿಗಳ ಮೇಲೆ, ಅವನ್ನು ಅಳಿಸುವಂತೆ, ಒಂದು ಅರ್ಧಚಂದ್ರ.

ತಂಬಿಗೆ ದೊಡ್ಡಪ್ಪನ ಕಾಲದಿಂದ ಅಣ್ಣನ ಮನೆಯಲ್ಲಿತ್ತು. ಬೆಟಗೇರಿಯಲ್ಲಿರುವ ಚಿಗವ್ವ, ತೀರಿಹೋದ ನಮ್ಮ ಕಾಕಾನ ಹೆಂಡತಿ, ಆ ರೂಪಾಯಿ ತನ್ನ ಗಂಡನವೆಂದು ಮೊದಲಿನಿಂದಲೂ ಹೇಳುತ್ತಿದ್ದಳು. ದೀಪಾವಳಿ ಬಂತೆಂದರೆ ಲಕ್ಷ್ಮೀ ಪೂಜೆಯ ತಾಟಿಗೆ ಅವನ್ನು ಕೇಳುವಳು. ಅಣ್ಣ ಅವಳಿಗೆ ಚಹಾ ಕುಡಿಸಿ ಕಳಿಸುವನು. ಈ ಸಲ ಸರಕಾರ ಹೊಸದಾಗಿ ತೆರೆಯಲಿದ್ದ ಒಂದು ವಸ್ತುಸಂಗ್ರಹಾಲಯಕ್ಕೆ ಅಣ್ಣ ಅವನ್ನು ಕೊಡುವವನಿದ್ದ. ಗಾಜಿನ ಪೆಟ್ಟಿಗೆಯ ಕೆಳಗೆ ದಾನಿಯ ಹೆಸರು ಬರೆಸುವ ಮಾತಾಗಿತ್ತು. ಯಾವ ಅರಸರ ನಾಣ್ಯವೆಂದು ಬರೆಸಬೇಕೆಂಬುದಷ್ಟೇ ಬಾಕಿ.

"ಇವು ಮನಿ ರೊಕ್ಕ ಅಲ್ಲ ಚಿಗವ್ವ. ನಾಡಿನ ಆಸ್ತಿ," ಎಂದ.

"ನಾಡಿಗೆ ಕೊಡೂದಿದ್ರ ನಿಂದು ಕೊಡಪಾ. ನಮ್ಮನಿಯವರದು ಯಾಕ?"

"ನಿಮ್ಮನಿಯವರದು ಅನ್ನಾಕ ಪುರಾವೆ ಏನೈತಿ?"

ಅವಳಲ್ಲಿ ಪುರಾವೆ ಇರಲಿಲ್ಲ. ನನ್ನಲ್ಲಿ ಸ್ಕೂಟರ್ ಇತ್ತು. ಹಾಗಾಗಿ ನಾನೂ ಸಂಶೋಧನೆಯಲ್ಲಿ ಭಾಗಿಯಾದೆ.

ಲಕ್ಷ್ಮೇಶ್ವರದಲ್ಲಿ ಶಾಸನ ಓದುವ ಹಿರಿಯರೊಬ್ಬರು ರೂಪಾಯಿಯನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ತೆರೆದು, "ಚಾಲುಕ್ಯರ ಮುದ್ರಿ," ಎಂದರು.

"ರೂಪಾಯಿ ಮ್ಯಾಲ ಇಂಗ್ಲೀಷ್ ರಾಣಿ ಅದಾಳಲ್ರಿ," ಎಂದೆ.

"ಮುದ್ರಿ ರೂಪಾಯಿಗಿಂತ ಹಳೇದು ಇರಬೌದಲ್ರಿ."

ಅಣ್ಣ ಗಂಭೀರವಾಗಿ ತಲೆಯಾಡಿಸಿದ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ತಲೆ ಅದು.

ಶಿರಹಟ್ಟಿಯಲ್ಲಿ ಬಿಸ್ಕೀಟು ಡಬ್ಬಿಯ ತುಂಬ ನಾಣ್ಯ ಕೂಡಿಟ್ಟ ಒಬ್ಬ ಪರಿಣತರಿದ್ದರು. ಅವರ ಪ್ರಕಾರ ಮೂರು ಚುಕ್ಕಿ ಎಂದರೆ ಮೂರು ಬಾವಿ, ಚಂದ್ರ ಎಂದರೆ ಗುಡ್ಡ, ನಡುವೆ ನಿಧಿ. ಯಾವ ಊರಿನ ಬಾವಿ ಎಂಬುದು ಮಾತ್ರ ಅವರಿಗೆ ತಿಳಿಯದು. ಮುಂಡರಗಿಯಲ್ಲಿ ಸಿಕ್ಕವರು ನಿಧಿಯನ್ನು ತಳ್ಳಿಹಾಕಿ, ಇದು ಬಂಡಾಯಗಾರರ ಗುಪ್ತ ಗುರುತು ಎಂದರು.

"ಗುಪ್ತ ಅಂತೀರಿ, ನಿಮಗ ಹೆಂಗ ಗೊತ್ತಾತ್ರಿ?"

"ನಮ್ಮೂರಾಗ ಎಲ್ಲಾರಿಗೂ ಗೊತ್ತೈತ್ರಿ."

ವಾಪಸು ಬರುವಾಗ ಅಣ್ಣ ಹಿಂದೆ ಕೂತು ನನ್ನ ಕಿವಿಯಲ್ಲಿ ತೀರ್ಮಾನ ಒದರಿದ: "ಒಂದ ವಂಶದವರನ್ನ ಇನ್ನೊಂದು ವಂಶದವರು ಗೆದ್ದಾರ ತಮ್ಮಾ. ಸೋತವರ ಚುಕ್ಕಿ ಮ್ಯಾಲ ಗೆದ್ದವರ ಚಂದ್ರ." ಇಡೀ ಸಂಶೋಧನೆಯಲ್ಲಿ ಅವನು ಆಡಿದ ಸರಿಯಾದ ಮಾತು ಅದೊಂದೇ. ಅದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮುಂದಿನ ವಾರ ಬೆಟಗೇರಿಗೆ ಹೋದಾಗ ಚಿಗವ್ವನ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಅದಕ್ಕೆ ಅಡ್ಡ ಇಡುವ ಕಟ್ಟಿಗೆಯ ತುಂಡನ್ನು ಎಂದಿನಂತೆ ಕಾಲಿನಿಂದ ಒತ್ತಲು ಹೋದೆ, ಅದು ಮಗುಚಿತು. ಅದು ಕಾಕಾನ ಲಾಳಿ, ಮಗ್ಗದಲ್ಲಿ ನೂಲು ಹೊತ್ತು ಆಕಡೆ ಈಕಡೆ ಓಡುವಂಥದು. ಅದರ ಅಡಿಯಲ್ಲಿ ಮೂರು ಚುಕ್ಕಿ.

ನಮ್ಮದು ನೇಕಾರರ ಮನೆ. ಒಂದೇ ಪಡಸಾಲೆಯಲ್ಲಿ ನೇಯುತ್ತಿದ್ದ ಅಣ್ಣತಮ್ಮಂದಿರ ಲಾಳಿಗಳು ಅದಲುಬದಲಾಗಬಾರದೆಂದು ಒಬ್ಬೊಬ್ಬರೂ ಕಬ್ಬಿಣದ ಠಸ್ಸೆಯಿಂದ ತಮ್ಮ ಗುರುತು ಗುದ್ದಿಕೊಳ್ಳುತ್ತಿದ್ದರು. ನನ್ನ ಅಪ್ಪ ಮಗ್ಗ ಬಿಟ್ಟು ಪೋಸ್ಟಾಫೀಸು ಸೇರಿದ್ದರಿಂದ ನಮಗೆ ಗುರುತೂ ಇಲ್ಲ, ರೂಪಾಯಿಯೂ ಇಲ್ಲ. ಲಕ್ಷ್ಮೀ ಪೂಜೆಯಲ್ಲಿ ಎಲ್ಲರ ಬೆಳ್ಳಿಯೂ ಒಂದೇ ತಾಟಿಗೆ ಬೀಳುತ್ತಿತ್ತು. ಪೂಜೆ ಮುಗಿದ ಮೇಲೆ ತಾಟು ಎತ್ತಿಡುವವನು ದೊಡ್ಡಪ್ಪ. ಕಾಕಾ ರೂಪಾಯಿಗೂ ಠಸ್ಸೆ ಹಾಕಿದ್ದೇಕೆ ಎಂಬುದಕ್ಕೆ ಲಕ್ಷ್ಮೇಶ್ವರದ ತನಕ ಹೋಗಬೇಕಾಗಿರಲಿಲ್ಲ.

ಲಾಳಿಯನ್ನೂ ಚಿಗವ್ವನನ್ನೂ ಕರೆದುಕೊಂಡು ಗದಗಿಗೆ ಹೋದೆ. ಅಣ್ಣನ ಪಡಸಾಲೆಯ ಗಾಜಿನ ಕಪಾಟಿನಲ್ಲಿ ದೊಡ್ಡಪ್ಪನ ಲಾಳಿ ಇದೆ. ಅದಕ್ಕೆ ಅವನೇ ಎಣ್ಣೆ ಹಚ್ಚಿ ಒರೆಸುತ್ತಾನೆ. ಅದರ ತುದಿಗೆ ಅರ್ಧಚಂದ್ರವಿತ್ತು, ಅವನು ಒರೆಸಿ ಒರೆಸಿ ಹೊಳೆಯುತ್ತಿತ್ತು. ಎರಡು ಲಾಳಿಗಳ ನಡುವೆ ಒಂದು ರೂಪಾಯಿ ಇಟ್ಟೆ.

ಬರಿಗಣ್ಣಿಗೆ ಕಾಣುವುದನ್ನು ನೋಡಲು ಅಣ್ಣ ಭೂತಗನ್ನಡಿ ತಂದ. ಬಹಳ ಹೊತ್ತು ನೋಡಿದ.

"ಗೆದ್ದ ವಂಶ ಯಾವುದು ಗೊತ್ತಾತೇನಣ್ಣಾ?" ಎಂದೆ.

"ಅಪ್ಪಗ ಕಣ್ಣು ಮಂಜಿದ್ವು," ಎಂದ. "ಯಾರದು ಅಂತ ಕಂಡಿರಲಿಕ್ಕಿಲ್ಲ."

"ಎಲ್ಲಾ ರೂಪಾಯಿಗೂ ಚುಕ್ಕಿ ಮ್ಯಾಲನ ಬಡದಾರಲ್ಲೋ," ಎಂದಳು ಚಿಗವ್ವ. "ಕಣ್ಣು ಚಲೋ ಇದ್ವು."

"ಅಪ್ಪ ಅಂಥಾ ಮನಷ್ಯಾ ಅಲ್ಲ ಚಿಗವ್ವ."

"ಆತು ಬಿಡು. ನಾಡಿನವರು ಬಡದಿರಬೇಕು." ಅವಳು ಸೆರಗು ಒಡ್ಡಿದಳು.

ಅಣ್ಣ ನನ್ನತ್ತ ನೋಡಿದ. ನಾನು ಕಪಾಟಿನತ್ತ ನೋಡಿದೆ. ಅವನು ರೂಪಾಯಿಗಳನ್ನು ಒಂದೊಂದಾಗಿ ಅವಳ ಸೆರಗಿಗೆ ಹಾಕಿದ.

ಆ ದೀಪಾವಳಿಗೆ ರೂಪಾಯಿಗಳು ಬೆಟಗೇರಿಯ ತಾಟಿನಲ್ಲಿದ್ದವು. ವಸ್ತುಸಂಗ್ರಹಾಲಯಕ್ಕೆ ಅಣ್ಣ ತಾಮ್ರದ ತಂಬಿಗೆಯನ್ನು ಕೊಟ್ಟ.